ನಮ್ಮನೆ ಬುಟ್ಟಿಯ ಸೊಟ್ಟ ಗೆರೆ

ಇವತ್ತು ಶನಿವಾರ, ನನಗೆ ಒಪ್ಪತ್ತು. ಕೊಟ್ಟಿಗೆ ಬಳಿದು, ದೇವರಿಗೆ ದೀಪ ಹಚ್ಚಿ, ನಾಳೆಯ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯಲು ಕೂತೆ. ಕೆಮ್ಮಣ್ಣಿನ ವಾಸನೆ ಮೂಗಿಗೆ ಬಂದದ್ದೇ ತಡ, ಅಮ್ಮನ ಪಕ್ಕದಲ್ಲಿ ಕೂತ ಹಾಗಾಯಿತು.

ಅಪ್ಪ ಅಮ್ಮ ನನ್ನನ್ನು ದತ್ತು ತಂದು ಸಾಕಿದವರು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಇದೇ ಹಬ್ಬಕ್ಕೆ ಅಮ್ಮ ಮೊದಲ ಸಲ ನಾರಿನ ಕುಂಚವನ್ನು ನನ್ನ ಕೈಗೆ ಕೊಟ್ಟಳು. ಕೆಂಪು ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆದೆ, ಸೊಟ್ಟಗಾಯಿತು. ಹಬ್ಬಕ್ಕೆ ಬಂದಿದ್ದ ಅಪ್ಪನ ಅಕ್ಕ ಗಂಗಮ್ಮತ್ತೆ ನೋಡಿದರು.

"ಎಂತದೇ ಇದು? ಬುಟ್ಟಿ ಬರಿಯೋದು ಮನೆ ಹೆಣ್ಮಕ್ಳು. ತಂದು ಸಾಕಿದ ಕೂಸಿನ ಕೈಲಿ ಬರ್ಸಿದ್ರೆ ಭೂಮ್ತಾಯಿ ಒಪ್ತಾಳಾ? ಅಳ್ಸು."

"ಭೂಮ್ತಾಯಿನೂ ಹೊರಗಿಂದ ಬಂದ ಬೀಜಾನೇ ಸಾಕೋದು ಅತ್ಗೆ. ನಾನು ಅಳ್ಸಲ್ಲ" ಎಂದಳು ಅಮ್ಮ.

ಅತ್ತೆ ಊಟ ಮಾಡದೆ ಹುಂಚದ ಗಂಡನ ಮನೆಗೆ ಹೊರಟುಹೋದರು. ಮತ್ತೆ ತವರಿನ ಹೊಸ್ತಿಲು ತುಳಿಯಲೇ ಇಲ್ಲ. ಅಪ್ಪ ಪ್ರತಿ ಹುಣ್ಣಿಮೆಗೂ ಅಕ್ಕನ ದಾರಿ ನೋಡುತ್ತಿದ್ದರು, ಆದರೆ ಆ ಗೆರೆ ಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಅಮ್ಮನಂತೂ ಪ್ರತಿ ವರ್ಷ ಹೊಸದಾಗಿ ಬರೆಯುವಾಗಲೂ ಒಂದು ಗೆರೆಯನ್ನು ಬೇಕೆಂದೇ ಸೊಟ್ಟಗೆ ಎಳೆಯುತ್ತಿದ್ದಳು. ಬಂದವರಿಗೆಲ್ಲ ತೋರಿಸಿ, "ಇದು ನಮ್ಮನೆ ಗೆರೆ. ನನ್ ಮಗಳು ಹಾಕಿಕೊಟ್ಟಿದ್ದು" ಎನ್ನುತ್ತಿದ್ದಳು.

ಅವರಿಬ್ಬರೂ ಈಗಿಲ್ಲ. ಇವತ್ತೂ ಆ ಗೆರೆ ಬರೆದೆ, ಸೊಟ್ಟಗೇ. ಹುಂಚದ ಕಡೆಯವರು ಯಾರಾದರೂ ಇದನ್ನು ಓದಿದರೆ ಗಂಗಮ್ಮತ್ತೆಗೆ ಹೇಳಿ: ತವರಲ್ಲಿ ನಾಳೆ ಹಬ್ಬ, ತಮ್ಮನ ಮಗಳು ಎಲೆ ಹಾಕಿ ಕಾಯುತ್ತಾಳೆ. ಅವರು ಏನಂದರು ಎಂದು ಕೇಳಿಕೊಂಡು ಬಂದು ನನಗೆ ತಿಳಿಸಿ.