ಎವಾರಿಸ್ತೋ ಭಾವ ಮತ್ತು ಗಾಳಿ ಪೈಪು

ಲಾಸ್ ಏಂಜಲೀಸಿನ ಸನ್ ವ್ಯಾಲಿಯ ಕಲ್ಲು ಕತ್ತರಿಸುವ ಶೆಡ್ಡುಗಳಲ್ಲಿ ನಮ್ಮ ಎವಾರಿಸ್ತೋ ಭಾವನಂಥ ಕೈ ಇನ್ನೊಂದಿಲ್ಲ. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಯಾರನ್ನು ಬೇಕಾದರೂ ಕೇಳಿ. ಊರಿನ ಎಷ್ಟೋ ಸಿರಿವಂತರ ಅಡುಗೆಕಟ್ಟೆಗಳಿಗೆ ಸಿಂಕಿನ ಕಂಡಿ ಕೊರೆದವನು ಅವನೇ. ಅಂಚಿನ ಮೇಲೆ ಬೆರಳಾಡಿಸಿದರೆ ಬೆಣ್ಣೆ.

ಅವನು ನಮಗೆಲ್ಲ ಕಲಿಸಿದ ಮರ್ಯಾದೆ ಒಂದಿತ್ತು. ಕೆಲಸ ಬಿಟ್ಟ ಮೇಲೆ ಸಾಲಾಗಿ ನಿಂತು, ಕಂಪ್ರೆಸರಿನ ಗಾಳಿ ಪೈಪು ಹಿಡಿದು, ಒಬ್ಬರ ಬಟ್ಟೆಯ ಕಲ್ಲುಪುಡಿಯನ್ನು ಇನ್ನೊಬ್ಬರು ಊದಬೇಕು.

“ತಿರುಗೋ ಲೇ ಹಸೀಂತೋ! ಈ ಬೂದಿ ಬಳ್ಕೊಂಡು ಹೋದ್ರೆ ನಿನ್ ಹೆಂಡ್ತಿ ಮಗೂನ ಮುಟ್ಟೋಕೆ ಬಿಡ್ತಾಳಾ?” ಎಂದು ನನ್ನನ್ನು ಗದರುತ್ತಿದ್ದ. ಶೆಡ್ಡೆಲ್ಲ ಬೆಳ್ಳಗಾಗುತ್ತಿತ್ತು. ನಾವು ನಗುತ್ತಿದ್ದೆವು.

ನಲವತ್ತು ದಾಟುವಷ್ಟರಲ್ಲಿ ಭಾವನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಸಿಲಿಕೋಸಿಸ್ ಎಂದರು ಡಾಕ್ಟರಮ್ಮ. ಕೃತಕ ಕಲ್ಲನ್ನು ನೀರು ಬಿಡದೆ ಕತ್ತರಿಸಿದಾಗ ಏಳುವ ನುಣ್ಣನೆ ಪುಡಿ ಎದೆಯೊಳಗೆ ಕೂತುಬಿಟ್ಟಿದೆ, ಇದು ವಾಸಿಯಾಗುವುದಿಲ್ಲ. ಬಟ್ಟೆಗೆ ಗಾಳಿ ಹೊಡೆದರೂ ಅದೇ ಪುಡಿ ಎದ್ದು ಸುತ್ತ ನಿಂತವರ ಎದೆಗಿಳಿಯುತ್ತದೆ ಎಂದಾಗ ಭಾವ ನನ್ನ ಕಡೆ ತಿರುಗಿದ.

“ನಿಂಗೂ ನಾನೇ ಊದ್ತಿದ್ನಲ್ಲೋ.”

ಅಯ್ಯೋ, ಆ ಮುಖ! ತನ್ನ ಕಾಯಿಲೆಗೆ ಅಳದವನು ಆಗ ಅತ್ತುಬಿಟ್ಟ.

ನಾನು ಶೆಡ್ಡಿಗೆ ಹೋಗಿ ವಿಷಯ ಹೇಳಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? “ಹಸೀಂತೋ ಪುಕ್ಕಲ” ಎಂದರು. ನೀರು ಬಿಟ್ಟರೆ ಕೆಲಸ ನಿಧಾನವಾಗುತ್ತದೆ ಎಂದ ಮಾಲೀಕ ಅಬುಂದಿಯೋ. ಸಂಜೆ ಮತ್ತೆ ಸಾಲು ನಿಂತಿತು.

ಆಗ ಬಂದ ಭಾವ. ಮೂಗಿಗೆ ನಳಿಕೆ, ಹಿಂದೆ ಗಾಲಿಯ ಮೇಲೆ ಆಕ್ಸಿಜನ್ ಸಿಲಿಂಡರು. ಕಂಪ್ರೆಸರ್ ಆರಿಸಿದ, ಚಾಕು ತೆಗೆದ, ಗಾಳಿ ಪೈಪನ್ನು ಕಚಕ್ಕನೆ ಕತ್ತರಿಸಿದ.

“ಏಯ್, ತಲೆ ಕೆಟ್ಟಿದ್ಯಾ ನಿಂಗೆ?” ಎಂದು ಅಬುಂದಿಯೋ ಕೂಗಿದ.

“ಕೆಟ್ಟಿರೋದು ಎದೆ ಕಣಯ್ಯಾ,” ಎಂದು ಭಾವ ಉಸಿರಿಗಾಗಿ ನಿಂತ. “ನಂದೊಂದೇ ಸಾಕು. ನಾಳೆಯಿಂದ ಗರಗಸಕ್ಕೆ ನೀರು ಬಿಡು, ಇವರಿಗೆ ಸರಿಯಾದ ಮಾಸ್ಕ್ ಕೊಡು. ಇಲ್ಲಾಂದ್ರೆ ಒಬ್ಬನೂ ಕಲ್ಲು ಮುಟ್ಟಲ್ಲ.”

ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ ಮಹರಾಯ! ಆದರೂ ನಾನು ನನ್ನ ಉಪಕರಣ ತಂದು ಅಬುಂದಿಯೋನ ಕಾಲ ಬಳಿ ಇಟ್ಟೆ. ನನ್ನ ಪಕ್ಕದವನೂ ಇಟ್ಟ. ಆಮೇಲೆ ಎಲ್ಲರೂ ಇಟ್ಟರು. ಅಬುಂದಿಯೋ ಗೊಣಗುತ್ತ ನೀರಿನ ಪೈಪು ಹುಡುಕಲು ಹೋದ.

ಈಗ ಶೆಡ್ಡೆಲ್ಲ ಕೆಸರು. ಸಂಜೆ ಭಾವನ ಮನೆ ಹೊಕ್ಕರೆ, ನೆಲ ರಾಡಿಯಾಯಿತು ಎಂದು ಅಕ್ಕ ಬೈಯುತ್ತಾಳೆ. ಭಾವ ಕುರ್ಚಿಯಲ್ಲಿ ಕೂತೇ ನನ್ನ ಅಂಗಿಯ ತುದಿ ಹಿಡಿದು ಹಿಂಡುತ್ತಾನೆ. ನೀರು ತೊಟ್ಟಿಕ್ಕುತ್ತದೆ.

“ಹೂಂ, ಒದ್ದೆ ಇದೆ,” ಎನ್ನುತ್ತಾನೆ. “ಸ್ನಾನ ಮಾಡಿ ಮಗೂನ ಎತ್ಕೋ, ಹೋಗು.”