ಒಂದು ನಳಿಗೆಗೆ ಒಂದೇ ಹುಳ

ಕುಂದಗೋಳದಿಂದ ಮೂರು ಮೈಲಿ ಆಚೆ ಒಂದು ಬೀಜದ ಫಾರ್ಮ್ ಇತ್ತು. ಮೆಣಸಿನಕಾಯಿಯ ಹೊಸ ತಳಿ ಬೆಳೆಸಲು ಅಲ್ಲೊಂದು ಗಾಜಿನ ಮನೆ ಕಟ್ಟಿದ್ದರು. ಒಳಗಿನ ಸೆಕೆಗೆ ಎಲೆಗಳ ಅಡಿ ಸಸ್ಯಹೇನು ಮುತ್ತುತ್ತಿದ್ದವು. ಔಷಧಿ ಹೊಡೆದರೆ ಹೂವು ಉದುರುತ್ತವೆಂದು, ಹೇನು ತಿನ್ನುವ ಹುಳವನ್ನೇ ಸಾಕಿ ಬಿಡುವ ಕೆಲಸ ಶುರುವಾಯಿತು. ಎಂಬತ್ತರ ದಶಕದ ನಡುವಿನ ಮಾತು. ಮೆಟ್ರಿಕ್ ಫೇಲಾಗಿ ಮನೆಯಲ್ಲಿ ಕೂತಿದ್ದ ನಾನು ಆ ಹುಳ ಸಾಕುವ ಶೆಡ್ಡಿಗೆ ಕೂಲಿಗೆ ಸೇರಿದೆ.

ನನಗೆ ಕೆಲಸ ಕಲಿಸಿದವಳು ಕುಬಿಹಾಳದ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಮಾತು ಕಡಿಮೆ. ಅವಳನ್ನು ಅಕ್ಕಾ ಎನ್ನುತ್ತಿದ್ದೆ.

ನಾವು ಸಾಕುತ್ತಿದ್ದುದು ತೆಳು ಹಸಿರು ರೆಕ್ಕೆಯ ಒಂದು ಹುಳ. ಹೇನು ತಿನ್ನುವುದು ಅದರ ಮರಿ. ಗಾಜಿನ ಮನೆಗೆ ಬಿಡುವ ತನಕ ಮರಿಗಳಿಗೆ ಪತಂಗದ ತತ್ತಿ ತಿನ್ನಿಸುತ್ತಿದ್ದೆವು. ಆ ಪತಂಗಗಳನ್ನು ಜೋಳದ ನುಚ್ಚಿನ ಡಬ್ಬಿಗಳಲ್ಲಿ ಬೆಳೆಸಬೇಕು. ಅವು ರೆಕ್ಕೆ ಬಲಿತು ಎದ್ದಾಗ ರಬ್ಬರ್ ಕೊಳವೆಯನ್ನು ಬಾಯಲ್ಲಿಟ್ಟು ಉಸಿರೆಳೆದು ಒಂದೊಂದನ್ನೇ ಸೀಸೆಗೆ ಹಿಡಿಯಬೇಕು. ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿದ್ದರೂ ರೆಕ್ಕೆಯ ಪುಡಿ ಗಂಟಲಿಗೆ ಇಳಿಯುತ್ತಿತ್ತು. ಅಕ್ಕ ಮೊದಲ ದಿನದಿಂದಲೂ ಅದನ್ನೇ ಮಾಡುತ್ತಿದ್ದಳು.

ಮರಿಗಳನ್ನು ಮಾತ್ರ ನಾವಿಬ್ಬರೂ ಹಂಚಿಕೊಂಡು ಗಾಜಿನ ನಳಿಗೆಗೆ ಒಂದರಂತೆ ಹಾಕಿ ಹತ್ತಿಯ ಬಿರಡೆ ಇಡಬೇಕಿತ್ತು.

"ಇವು ಅಣ್ಣ ತಮ್ಮ ಅಂತ ನೋಡೂದಿಲ್ಲ," ಎಂದಿದ್ದಳು ಅಕ್ಕ. "ಎರಡು ಕೂಡಿದ್ರ ಒಂದು ಉಳಿತೈತಿ. ಅದೂ ಕಾಲು ಕಡಿಸ್ಕೊಂಡು."

ನಾನು ಸೇರುವ ಹೊತ್ತಿಗೇ ಅವಳಿಗೆ ಕೆಮ್ಮಿತ್ತು. ಬಾಯಿಗೆ ಸೆರಗು ತುರುಕಿಕೊಂಡು ತಡೆಯುತ್ತಿದ್ದಳು. ತಡೆಯಲಾಗದಾಗ ಹೊರಗೆ ಬೇವಿನ ಗಿಡದ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಕೆಮ್ಮಿ, ಕಣ್ಣೊರೆಸಿಕೊಂಡು ಬರುತ್ತಿದ್ದಳು. ಸುಪರ್‌ವೈಜರ್‌ಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಒಂದು ಸಂಜೆ ನನಗೆ ಬಸ್ಸಿನ ಅವಸರ. ನನ್ನ ಪಾಲಿನ ನಳಿಗೆಗಳ ಟ್ರೇ ಅರ್ಧ ಉಳಿದಿತ್ತು. ಕುಂಚದಲ್ಲಿ ಎತ್ತಿದಷ್ಟು ಮರಿಗಳನ್ನು, ಎರಡೋ ಮೂರೋ, ಒಂದೊಂದು ನಳಿಗೆಗೆ ಉದುರಿಸಿ ಬಿರಡೆ ಇಟ್ಟು ಓಡಿದೆ. ಮೂರನೆಯ ದಿನ ಸುಪರ್‌ವೈಜರ್ ಭೂತಗನ್ನಡಿ ಹಿಡಿದು ನೋಡಿದಾಗ ನಳಿಗೆಗಳ ತಳದಲ್ಲಿ ಹೀರಿ ಬಿಟ್ಟ ಒಣ ತೊಗಲುಗಳಿದ್ದವು.

"ಯಾರು ಹಾಕಿದ್ದು ಇದು?"

ಆ ಹೊತ್ತಿಗೇ ಅಕ್ಕನಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಹೋಗುವ ಮೊದಲೇ ಬಂತು. ಅವನು ಅವಳ ಕಡೆ ತಿರುಗಿದ.

"ಅಕ್ಕಗ ಕೆಮ್ಮು ಬಂದಾಗ ಕೈ ನಡಗತಾವ್ರಿ," ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

"ಎಷ್ಟ ದಿನದಿಂದ ಐತಿ ಈ ಕೆಮ್ಮು?"

"ನಾ ಬರೂದಕ್ಕಿಂತ ಮೊದಲಿಂದನೂ ಐತ್ರಿ," ಎಂದು ಅದನ್ನೂ ನಾನೇ ಹೇಳಿದೆ.

"ನಾಳಿಂದ ಬರಬ್ಯಾಡವ್ವಾ ನೀ," ಎಂದ ಅವನು.

ಅಕ್ಕ ನನ್ನನ್ನು ನೋಡಿದಳು. ಆ ಟ್ರೇ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕೊಳವೆಯನ್ನು ತೊಳೆದು ಮೊಳೆಗೆ ತೂಗುಹಾಕಿ, ರೊಟ್ಟಿಯ ಗಂಟು ಎತ್ತಿಕೊಂಡು ಹೋದಳು. ಮರುದಿನ ಅವಳ ಕೊಳವೆಯೂ ಕಿಟಕಿಯ ಬಳಿಯ ಅವಳ ಸ್ಟೂಲೂ ನನಗೆ ಬಂದವು. ಅಲ್ಲಿ ಗಾಳಿ ಇತ್ತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಗಾಜಿನ ಮನೆಯ ಹೇನು ಹೇಳಹೆಸರಿಲ್ಲದಂತೆ ಹೋದವು. ನೋಡಲು ದೊಡ್ಡ ಅಧಿಕಾರಿಗಳು ಬಂದರು. ಅವರು ಬರುವ ಮುನ್ನ ಸುಪರ್‌ವೈಜರ್ ನಮಗೆಲ್ಲ ಬಾಯಿಗೆ ಕಟ್ಟಿಕೊಳ್ಳಲು ಬಿಳಿ ಬಟ್ಟೆ ಹಂಚಿದ. "ನಿಮ್ಮ ಉಸುರಿಗೆ ತತ್ತಿ ಹಾರತಾವು," ಎಂದ.

ಮುಂದಿನ ಬೇಸಿಗೆಗೆ ನನಗೂ ಕೆಮ್ಮು ಹತ್ತಿತು. ಎರಡು ತಿಂಗಳಾದರೂ ಬಿಡದಿದ್ದಾಗ ಕುಬಿಹಾಳಕ್ಕೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋದೆ ಎಂದು ಮನೆಯಲ್ಲಿ ಆಮೇಲೆ ಹೇಳಿದ್ದುಂಟು. ನಿಜ ಬೇರೆ. ಇದು ಹೋಗುವ ಕೆಮ್ಮೋ ಅಲ್ಲವೋ ಎಂದು ಅವಳನ್ನು ಕೇಳಬೇಕಿತ್ತು.

ಅಕ್ಕ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಾಳೆಂದು ನೆರೆಯವಳು ಹೇಳಿದಳು. ನಾನು ಮಾತಾಡುವ ಮೊದಲೇ ಕೆಮ್ಮಿದೆ.

"ನಿನಗೂ ಬಂತು?" ಎಂದು ನಕ್ಕಳು. ನಗು ಹಾಗೇ ಕೆಮ್ಮಿಗೆ ತಿರುಗಿ ಬಹಳ ಹೊತ್ತು ನಿಲ್ಲಲಿಲ್ಲ.

"ಅಕ್ಕಾ, ಅವತ್ತ ಆ ಟ್ರೇ..."

"ಹೇಳಬ್ಯಾಡ," ಎಂದಳು. "ಹೇಳಿದ್ರ ನಿನ್ನ ಹೊಟ್ಟಿ ಹಗುರ ಆಕ್ಕೈತಿ. ನನ್ನ ಎದಿ ಹಗುರ ಆಗಂಗಿಲ್ಲ. ಹಂಗ ಇಟ್ಕೊಂಡು ತಿರಗು."

ನನ್ನ ಕೆಮ್ಮಿನ ಬಗ್ಗೆ ಅವಳನ್ನು ಕೇಳಲು ಆಗಲಿಲ್ಲ. ಎದ್ದು, ಹೊರಗಿನ ಬಿಸಿಲು ಅವಳ ಮುಖಕ್ಕೆ ಬೀಳುತ್ತದೆಂದು ಬಾಗಿಲು ಎಳೆಯಲು ಹೋದೆ.

"ಬಾಗಲಾ ಮುಟ್ಟಬ್ಯಾಡ. ಗಾಳಿ ಬರ್ಲಿ. ನೀ ಹೋಗು."