ಮೂರ್ದಾರಿ ನಿಂಬೆಹಣ್ಣಿನ ಸಿಪ್ಪೆ

ಆಗ ನಂದಗುಡಿಯ ನಮ್ಮ ಬೀದಿಯಲ್ಲಿ ಹಿಂಡಿದ ನಿಂಬೆಹಣ್ಣನ್ನು ಯಾರೂ ಎಸೆಯುತ್ತಿರಲಿಲ್ಲ. ನಮ್ಮಜ್ಜಿಗೆ ತಂದುಕೊಡುತ್ತಿದ್ದರು. ಬೇಸಿಗೆ ಬಂತೆಂದರೆ ತಾರಸಿಯ ತುಂಬ ಮೊರಗಟ್ಟಲೆ ಸಿಪ್ಪೆ. ಮೊದಲ ದಿನ ಮೂಗಿಗೆ ಹೊಡೆಯುವ ಹುಳಿ ವಾಸನೆ. ವಾರ ಕಳೆದರೆ ಕಂದುಬಣ್ಣ, ಮುರಿದರೆ ಚಟ್ ಎನ್ನುವ ಸದ್ದು. ಪುಡಿ ಮಾಡಿ ಸೀಗೇಕಾಯಿಗೆ ಬೆರೆಸಿದರೆ ತಲೆಹೊಟ್ಟಿಗೆ, ಉಪ್ಪು ಸೇರಿಸಿದರೆ ಹಲ್ಲಿಗೆ, ಕೆಂಡಕ್ಕೆ ಹಾಕಿದರೆ ಸೊಳ್ಳೆಗೆ, ಒಂದು ಚೂರು ಬಾಯಲ್ಲಿಟ್ಟುಕೊಂಡರೆ ವಾಕರಿಕೆಗೆ. ಇದು ಅಜ್ಜಿಯ ಪಟ್ಟಿ.

ನಾನು ಎಂಟನೇ ಕ್ಲಾಸು. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದಿದ್ದೆ. ಯಾರು ಏನೇ ಹೇಳಲಿ, ಪುರಾವೆ ಕೇಳುವ ಚಟ.

“ಹೊಟ್ಟು ಹೋಯ್ತೋ ಇಲ್ವೋ?” ಅಂದಳು ಅಜ್ಜಿ, ನನ್ನ ತಲೆ ಒರೆಸುತ್ತಾ.

“ಸೀಗೇಕಾಯೂ ಹಾಕಿದ್ಯಲ್ಲಜ್ಜಿ. ಯಾವುದ್ರಿಂದ ಹೋಯ್ತು ಅಂತ ಹೆಂಗೆ ಹೇಳ್ತೀಯ?”

“ನಿನ್ನ ಕಟ್ಕೊಳೋನು ನನ್ನ ನೆನೆಸ್ಕಂಡು ಬೈತಾನೆ ಕಣೇ.”

ಪಕ್ಕದ ಮನೆಯ ಮಂಜಕ್ಕ ಆಗ ಬಸುರಿ. ನೀರು ಕುಡಿದರೂ ವಾಂತಿ. ದಿನಾ ಬಂದು ನಾಲ್ಕು ಚೂರು ಸಿಪ್ಪೆಯನ್ನು ಹೆಗಲ ಮೇಲಿನ ಟವೆಲ್ಲಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದಳು.

ಅಜ್ಜಿಯದು ಒಂದೇ ಕಟ್ಟುನಿಟ್ಟು. ಮೂರು ದಾರಿ ಕೂಡುವಲ್ಲಿ ದೃಷ್ಟಿ ತೆಗೆದು, ಕುಂಕುಮ ಹಚ್ಚಿ ಎಸೆದ ಹಣ್ಣನ್ನು ಮುಟ್ಟುವುದಿರಲಿ, ದಾಟಲೂಬಾರದು. ನನಗೆ ಅಲ್ಲೇ ಪ್ರಯೋಗ ಹೊಳೆಯಿತು. ಅಮಾವಾಸ್ಯೆಯ ಮಾರನೇ ಬೆಳಿಗ್ಗೆ ಅಂಥ ಆರು ಹೋಳು ಆರಿಸಿ ತಂದು, ಕುಂಕುಮ ತೊಳೆದು, ಅಜ್ಜಿಯ ಮೊರದಲ್ಲಿ ಬೆರೆಸಿಬಿಟ್ಟೆ. ಒಣಗಿದ ಮೇಲೆ ಯಾವುದು ಯಾವುದೆಂದು ನನಗೂ ಗೊತ್ತಾಗುತ್ತಿರಲಿಲ್ಲ. ಮಂಜಕ್ಕ ಎಂದಿನಂತೆ ಒಯ್ದಳು. ವಾಂತಿ ಕಡಿಮೆಯೇ ಆಗುತ್ತಾ ಬಂತು.

ಒಂದು ಸಾಯಂಕಾಲ ಜಗಲಿಯಲ್ಲಿ ಐದಾರು ಹೆಂಗಸರು ಕೂತಿದ್ದಾಗ, ವೇದಿಕೆ ಮೇಲೆ ನಿಲ್ಲುವ ಹಾಗೆ ನಿಂತು ಹೇಳಿದೆ. “ಮಂಜಕ್ಕ, ನೀನು ತಿಂದಿದ್ರಲ್ಲಿ ಮೂರ್ದಾರಿ ನಿಂಬೆಹಣ್ಣೂ ಇತ್ತು. ನಾನೇ ಹಾಕಿದ್ದು. ಏನಾದ್ರೂ ಆಯ್ತಾ?”

ಚಪ್ಪಾಳೆಗೆ ಕಾದಿದ್ದೆನೇನೋ. ಮಂಜಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಟವೆಲ್ಲಿನ ಗಂಟು ಬಿಚ್ಚಿ ಸಿಪ್ಪೆಯನ್ನು ಜಗಲಿಯ ಮೇಲಿಟ್ಟಳು. ನನ್ನ ಕಡೆ ನೋಡಲೇ ಇಲ್ಲ.

“ಗೊತ್ತಿದ್ದೂ ಕೊಟ್ಯಾ ಅಜ್ಜಿ?”

“ಇಲ್ಲ ಕಣವ್ವ” ಅಂದಳು ಅಜ್ಜಿ. ಅಷ್ಟರಲ್ಲಿ ಮಂಜಕ್ಕ ಮೆಟ್ಟಿಲಿಳಿದಾಗಿತ್ತು.

ಅಜ್ಜಿ ನನ್ನನ್ನು ಬೈಯಲಿಲ್ಲ. ಮೊರಗಳನ್ನು ಒಂದೊಂದಾಗಿ ಇಳಿಸಿ ತಿಪ್ಪೆಗೆ ಸುರಿದಳು. ಆಮೇಲೆ ಬೀದಿಯ ಯಾರೂ ಸಿಪ್ಪೆ ತರಲಿಲ್ಲ, ಕೇಳಲೂ ಇಲ್ಲ. ಮಂಜಕ್ಕನ ಮಗು ಗುಂಡುಗುಂಡಾಗಿ ಹುಟ್ಟಿತು. “ನೋಡಿದ್ಯಾ, ನಾನ್ ಹೇಳಿದ್ದೇ ಸರಿ” ಅಂದೆ. “ಹೂಂ” ಅಂದಳು ಅಜ್ಜಿ. ಆ ಮಗುವಿನ ನಾಮಕರಣಕ್ಕೆ ಅವಳನ್ನು ಕರೆದಿರಲಿಲ್ಲ.

ಹಾಗೆ ನೋಡಿದರೆ ನನ್ನ ಪ್ರಯೋಗವೇ ಸರಿಯಿರಲಿಲ್ಲ. ಬಸುರಿಯರ ವಾಂತಿ ತಿಂಗಳು ಕಳೆದಂತೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಸಿಪ್ಪೆಯ ಪರವಾಗಿಯೂ ವಿರುದ್ಧವಾಗಿಯೂ ನಾನು ಏನನ್ನೂ ಸಾಬೀತು ಮಾಡಿರಲಿಲ್ಲ. ಇದನ್ನು ಕಂಡುಕೊಳ್ಳುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅವಳು ಹೋದ ದಿನ ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಬರುತ್ತಿಲ್ಲ.

ಈಗಲೂ ವಾದಕ್ಕೆ ಕೂತರೆ ಗೆಲ್ಲುತ್ತೇನೆ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ ಮೇಲೆ ಮಾತ್ರ ಹೋಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿರುತ್ತೇನೆ. ಯಾರ ಮನೆಗೆ ಕೊಟ್ಟುಬರಬೇಕೋ ತಿಳಿಯುವುದಿಲ್ಲ. ಹಸಿ ಕಸದ ಡಬ್ಬಿಗೆ ಹಾಕುತ್ತೇನೆ.